ಗೇಟಿನಲ್ಲಿ ನಿಷಿದ್ಧ, ಮನೆಯಲ್ಲಿ ಕಡ್ಡಾಯ

ನಮ್ಮ ಮೊಮ್ಮಗಳು ಓದುವ ಶಾಲೆಯ ಗೇಟಿನ ಮೇಲೆ ಒಂದು ಫಲಕವಿದೆ. ವಿದ್ಯಾರ್ಥಿಗಳು ಮೊಬೈಲ್ ಫೋನು ತರಕೂಡದು, ತಂದರೆ ಕಸಿದುಕೊಳ್ಳಲಾಗುವುದು, ದಂಡವನ್ನೂ ವಿಧಿಸಲಾಗುವುದು ಎಂಬುದು ಅದರ ಒಕ್ಕಣೆ. ಒಳ್ಳೆಯ ಮಾತು. ಓದಿದ ದಿನ ನಾನೂ ತಲೆದೂಗಿದೆ. ಆದರೆ ಅದೇ ಶಾಲೆಯಿಂದ, ಅದೇ ದಿನ ರಾತ್ರಿ ಒಂಬತ್ತೂಕಾಲಕ್ಕೆ, ಸೊಸೆಯ ಫೋನಿಗೆ ಒಂದು ಸಂದೇಶ ಬಂತು. ನಾಳಿನ ಹೋಂವರ್ಕ್ ಆಪ್‌ನಲ್ಲಿದೆ. ಮಗು ಅದನ್ನು ತೆರೆದು, ವಿಡಿಯೋ ನೋಡಿ, ಉತ್ತರ ಬರೆದು, ಅದರ ಫೋಟೋ ತೆಗೆದು ಅಲ್ಲಿಯೇ ಏರಿಸಬೇಕು. ನಿದ್ದೆಗಣ್ಣಿನಲ್ಲಿದ್ದ ಆರನೆಯ ತರಗತಿಯ ಹುಡುಗಿಯನ್ನು ಎಬ್ಬಿಸಿ ಕೂರಿಸಿದ್ದಾಯಿತು. ಆಪ್ ತೆರೆಯಿತು, ಅದರ ಹಿಂದೆಯೇ ಇನ್ನೂ ಹತ್ತು ಬಾಗಿಲು ತೆರೆದುಕೊಂಡವು. ಹೋಂವರ್ಕ್ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಫೋನು ಕೈಬಿಟ್ಟದ್ದು ಹನ್ನೊಂದು ಗಂಟೆಗೆ.

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂಬ ಗಾದೆಯನ್ನು ನಮ್ಮ ಹಿರಿಯರು ಯಾರನ್ನು ನೋಡಿ ಕಟ್ಟಿದರೋ ತಿಳಿಯದು. ಇಂದಿನ ಶಾಲಾ ಆಡಳಿತ ಮಂಡಳಿಗಳನ್ನು ನೋಡಿದ್ದರೆ ಖಂಡಿತ ಇನ್ನೊಮ್ಮೆ ಕಟ್ಟುತ್ತಿದ್ದರು.

ನಾನು ಹುಮನಾಬಾದಿನ ಕಡೆಯವನು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ದುಡಿದು, ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲಿ ಮನೆ ಮಾಡಿ, ಇಲ್ಲಿಯೇ ನಿವೃತ್ತನಾದವನು. ನಮ್ಮೂರಿನಿಂದ ಹೊರಟ ಬಸ್ಸು ಜಹೀರಾಬಾದು, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ನಮ್ಮ ಮನೆಯ ಹತ್ತಿರದ ಹೆದ್ದಾರಿಯಲ್ಲಿಯೇ ಹಾದುಹೋಗುತ್ತದೆ. ಹಾಗಾಗಿ ಊರು ದೂರವೆಂದು ನಮಗೆ ಎಂದೂ ಅನಿಸಿದ್ದಿಲ್ಲ. ಆದರೆ ಈಚೆಗೆ ನಮ್ಮ ಮನೆಯೊಳಗೇ ಒಂದು ದೂರ ಬೆಳೆಯುತ್ತಿದೆ. ಅದರ ವಿಚಾರವಾಗಿಯೇ ಈ ನಾಲ್ಕು ಮಾತು. ಕೆಲವರಿಗೆ ಕಹಿಯಾದೀತು, ಆಗಲಿ.

ಕಳೆದ ವರ್ಷದ ತಾಯ್ತಂದೆಯರ ಸಭೆಗೆ ಮಗನಿಗೆ ರಜೆ ಸಿಗದೆ ನಾನು ಹೋಗಿದ್ದೆ. ಪ್ರಿನ್ಸಿಪಾಲರು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಚಿತ್ರ ತೋರಿಸಿ ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದರು. ಮಕ್ಕಳ ಕಣ್ಣು ಕೆಡುತ್ತಿದೆ, ನಿದ್ದೆ ಕೆಡುತ್ತಿದೆ, ಗಮನ ನಿಲ್ಲುತ್ತಿಲ್ಲ, ಇದಕ್ಕೆಲ್ಲ ಮನೆಯವರ ಸಡಿಲಿಕೆಯೇ ಕಾರಣ, ದಯಮಾಡಿ ಮಕ್ಕಳ ಕೈಗೆ ಫೋನು ಕೊಡಬೇಡಿ ಎಂದರು. ನಾನು ಎದ್ದು ನಿಂತು ನನ್ನ ನಲವತ್ತು ವರ್ಷದ ತೆಲುಗಿನಲ್ಲಿ ಕೇಳಿದೆ: "ಕೊಡುವುದಿಲ್ಲಮ್ಮಾ. ಆದರೆ ಹೋಂವರ್ಕನ್ನು ಫೋನಿಗೆ ಕಳಿಸುತ್ತಿರುವವರು ಯಾರು?" ಸಭೆಯಲ್ಲಿ ನಗು ಎದ್ದಿತು. ಆಕೆಯೂ ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. "ಅದು ಮ್ಯಾನೇಜ್‌ಮೆಂಟಿನ ತೀರ್ಮಾನ, ಅಂಕಲ್. ಎಲ್ಲ ಶಾಖೆಗಳಿಗೂ ಒಂದೇ," ಎಂದರು. ನಾನು ಮುಂದೆ ಕೇಳುವಷ್ಟರಲ್ಲಿ ಪಕ್ಕದಲ್ಲಿದ್ದ ಕಲಬುರಗಿಯ ಹುಡುಗ, ನಮ್ಮ ಸಂಘದ ಸದಸ್ಯನೇ, ನನ್ನ ಅಂಗಿ ಜಗ್ಗಿದ. "ಕೂಡ್ರಿ ಕಾಕಾ. ಹೊರಗಿನೋರು ನಾವು. ನಮಗ್ಯಾಕ ಊರ ಉಸಾಬರಿ?"

ಕುಳಿತುಕೊಂಡೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಇದು ಊರ ಉಸಾಬರಿಯೇ? ನನ್ನ ಮನೆಯ ಪಡಸಾಲೆಯಲ್ಲಿ ರಾತ್ರಿ ಒಂಬತ್ತೂಕಾಲಕ್ಕೆ ನಡೆಯುವುದು ನನ್ನ ಉಸಾಬರಿಯಲ್ಲದೆ ಮತ್ತಾರದು?

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಯಂತ್ರದ ವೈರಿಯಲ್ಲ. ಆಯುಷ್ಯವೆಲ್ಲ ಯಂತ್ರದ ಮುಂದೆಯೇ ನಿಂತು ಅನ್ನ ಉಂಡವನು. ನನ್ನ ಹೆಂಡತಿ ದಿನಾ ಹುಮನಾಬಾದಿನಲ್ಲಿರುವ ತನ್ನ ಅಕ್ಕನ ಮುಖ ನೋಡಿ ಮಾತನಾಡುವುದು ಈ ಫೋನಿನಲ್ಲಿಯೇ. ಮೆಟ್ರೋದಲ್ಲಿ ಒಬ್ಬಳೇ ಕಾಲೇಜಿಗೆ ಹೋಗಿಬರುವ ಹುಡುಗಿಯ ಬಳಿ ಫೋನಿರಲಿ ಎಂದೇ ನಾನೂ ಹೇಳುತ್ತೇನೆ. ಫೋನು ಬೇಕೇ ಬೇಡವೇ ಎಂಬುದು ಹಳೆಯ ಚರ್ಚೆ. ಫೋನಿನ ಮೇಲೆ ಮಗು ಎಷ್ಟು ಹೊತ್ತು, ಯಾವ ಹೊತ್ತಿನಲ್ಲಿ, ಯಾತಕ್ಕಾಗಿ ಕೂರಬೇಕೆಂದು ತೀರ್ಮಾನಿಸುವವರು ಯಾರು? ಆ ತೀರ್ಮಾನದ ಭಾರ ಹೊರುವವರು ಯಾರು? ಇದು ನನ್ನ ಪ್ರಶ್ನೆ. ಇಂದು ತೀರ್ಮಾನ ಒಬ್ಬರದು, ಭಾರ ಇನ್ನೊಬ್ಬರದು. ಅನ್ಯಾಯವಿರುವುದು ಅಲ್ಲಿ.

ಆ ಭಾರ ಎಂಥದೆಂದು ವಿವರಿಸುತ್ತೇನೆ. ನಮ್ಮ ಸೊಸೆ ಭಾಲ್ಕಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಲೆಕ್ಕದಲ್ಲಿ ಜಾಣೆ. ಮಗಳು ಮೂರನೆಯ ತರಗತಿಯಲ್ಲಿರುವವರೆಗೂ ದಿನಾ ಸಂಜೆ ನೋಟ್‌ಬುಕ್ಕು ಹರಡಿಕೊಂಡು ಕೂರುತ್ತಿದ್ದಳು. ಇಂಗ್ಲಿಷಿನ ಪಾಠವಾದರೂ ಕೂಡುವ ಕಳೆಯುವ ಲೆಕ್ಕಕ್ಕೆ ಭಾಷೆಯ ಹಂಗಿಲ್ಲ. ಕೆಂಪು ಶಾಯಿಯ ತಪ್ಪು ಗುರುತು ನೋಡಿದರೆ ಸಾಕು, ಎಲ್ಲಿ ಎಡವಿದೆ ಎಂಬುದು ಅವಳಿಗೆ ತಿಳಿಯುತ್ತಿತ್ತು. ನನ್ನ ಹೆಂಡತಿ ಊರಿನಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳು. ಅವಳೂ ಕನ್ನಡಕ ಏರಿಸಿ, ಅಕ್ಷರ ದುಂಡಗಿದೆಯೇ, ಸಾಲು ಓರೆಯಾಗಿದೆಯೇ ಎಂದು ನೋಡುತ್ತಿದ್ದಳು. ಆ ನೋಟ್‌ಬುಕ್ಕು ಮನೆಯವರೆಲ್ಲರಿಗೂ ತೆರೆದಿತ್ತು. ಪಾಸ್‌ವರ್ಡ್ ಕೇಳುತ್ತಿರಲಿಲ್ಲ.

ಹೋಂವರ್ಕ್ ಆಪ್‌ಗೆ ಏರಿದ ದಿನ ಈ ಇಬ್ಬರು ಹೆಂಗಸರಿಗೂ ಮಗುವಿನ ಓದಿನ ಬಾಗಿಲು ಮುಚ್ಚಿತು. ಅಲ್ಲಿ ಇರುವುದೆಲ್ಲ ಇಂಗ್ಲಿಷು. ಎಲ್ಲಿ ಒತ್ತಿದರೆ ಏನು ಬರುತ್ತದೆಂಬುದು ಹುಡುಗಿಗೆ ಮಾತ್ರ ಗೊತ್ತು. ಮೇಲ್ವಿಚಾರಣೆ ಮಾಡಬೇಕಾದವಳು ಮಗಳಿಂದಲೇ ಕೇಳಿ ತಿಳಿಯಬೇಕು. ಒಂದು ದಿನ ಸೊಸೆ ಹೇಳಿದಳು: "ಮಾವಾರ, ಈಗ ಇಕಿ ಓದಿನಾಗ ನನಗೇನೂ ತಿಳಿಯಂಗಿಲ್ರಿ. ಫೋನ್ ಚಾರ್ಜ್ ಮಾಡಿ ಕೊಡೂದಷ್ಟ ನನ್ನ ಕೆಲಸ." ತಾಯಿಯನ್ನು ತಾಯಿಯ ಸ್ಥಾನದಿಂದ ಇಳಿಸಿ ಚಾರ್ಜರು ಹಿಡಿದು ನಿಲ್ಲುವವಳನ್ನಾಗಿ ಮಾಡಿ, ಆಮೇಲೆ ಸಭೆ ಕರೆದು ಅವಳ ಸಡಿಲಿಕೆಯ ಬಗ್ಗೆ ಉಪನ್ಯಾಸ ಕೊಡುವುದೆಂದರೆ ಅದನ್ನು ಏನೆಂದು ಕರೆಯಬೇಕು?

ಎರಡನೆಯ ಭಾರ ಇದಕ್ಕಿಂತ ದೊಡ್ಡದು. ವಲಸೆ ಬಂದ ಮನೆಗಳಿಗಷ್ಟೇ ಅದು ತಿಳಿಯುತ್ತದೆ. ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. 2018ರ ಕಾನೂನಿನ ಪ್ರಕಾರ ತೆಲಂಗಾಣದ ಎಲ್ಲ ಶಾಲೆಗಳಲ್ಲೂ ತೆಲುಗು ಕಡ್ಡಾಯ, ಕಲಿಯುತ್ತಾರೆ, ಕಲಿಯಲೇಬೇಕು, ಅನ್ನ ಕೊಟ್ಟ ನೆಲದ ಭಾಷೆ ಅದು, ಆ ಬಗ್ಗೆ ನನ್ನ ತಕರಾರಿಲ್ಲ. ಹಿಂದಿಯೂ ಇದೆ. ಇವೆಲ್ಲವುಗಳ ನಡುವೆ ಕನ್ನಡಕ್ಕೆ ಶಾಲೆಯಲ್ಲಿ ಒಂದು ಪೀರಿಯಡ್ಡೂ ಇಲ್ಲ. ಹಾಗಾದರೆ ನಮ್ಮ ಕನ್ನಡ ಶಾಲೆ ಎಲ್ಲಿದೆ? ಸಂಜೆ ಏಳರಿಂದ ಎಂಟರವರೆಗೆ ನಮ್ಮ ಪಡಸಾಲೆಯಲ್ಲಿದೆ. ಅಷ್ಟೇ ಅದರ ಆಸ್ತಿ. ನನ್ನ ಹೆಂಡತಿ ಮೊಮ್ಮಗಳಿಗೆ ಪಾಟಿಯ ಮೇಲೆ ಅ ಆ ಇ ಈ ತಿದ್ದಿಸಿದ್ದು ಆ ಒಂದು ಗಂಟೆಯಲ್ಲಿ. ಕಾಗುಣಿತ ಬಾಯಿಪಾಠವಾಗಿದ್ದು ಆ ಒಂದು ಗಂಟೆಯಲ್ಲಿ. "ಮುತ್ಯಾ, ಇದು ಢ ಏನು ಧ ಏನು?" ಎಂದು ಹುಡುಗಿ ನನ್ನ ಮಡಿಲಿಗೆ ಬಂದು ಕೇಳುತ್ತಿದ್ದುದೂ ಆ ಗಂಟೆಯಲ್ಲಿಯೇ.

ಶಾಲೆ ನುಂಗಿದ್ದು ಅದೇ ಗಂಟೆಯನ್ನು. ಬೇರೆಯವರ ಮನೆಯಲ್ಲಿ ಆಪ್ ಹೋಂವರ್ಕಿನಿಂದ ಆಟ ಹೋಗುತ್ತದೆ, ನಿದ್ದೆ ಹೋಗುತ್ತದೆ, ಅದೂ ನಷ್ಟವೇ. ನಮ್ಮ ಮನೆಯಲ್ಲಿ ಅವುಗಳ ಜೊತೆಗೆ ಭಾಷೆಯೂ ಹೋಗುತ್ತದೆ. ಕಾಗುಣಿತದ ಅರ್ಧದಲ್ಲಿ ನಿಂತ ಪಾಟಿ ಕಪಾಟಿನ ಮೇಲೆ ಹೋಯಿತು. ಈಗ ಹುಡುಗಿ ಕನ್ನಡ ಮಾತನಾಡುತ್ತಾಳೆ, ಓದಲು ಬರುವುದಿಲ್ಲ. ಈ ಪತ್ರಿಕೆ ಮನೆಗೆ ಬಂದಾಗ ಮುಖಪುಟದ ಚಿತ್ರ ನೋಡಿ ಕೆಳಗಿಡುತ್ತಾಳೆ. ಈ ಲೇಖನವನ್ನೂ ಅವಳು ಓದಲಾರಳು. ಇದನ್ನು ಯಾವ ಆಡಳಿತ ಮಂಡಳಿಯೂ ಉದ್ದೇಶಿಸಿ ಮಾಡಿದ್ದಲ್ಲ ಎಂಬುದು ನನಗೆ ಗೊತ್ತು. ಅವರ ಲೆಕ್ಕದಲ್ಲಿ ಆ ಗಂಟೆ ಖಾಲಿಯಿತ್ತು. ನಮ್ಮನ್ನು ಒಂದು ಮಾತು ಕೇಳಿದ್ದರೆ ಖಾಲಿಯಿಲ್ಲವೆಂದು ಹೇಳುತ್ತಿದ್ದೆವು. ಕೇಳಲಿಲ್ಲ.

ಈ ರೋಗ ಹತ್ತಿದ್ದು ಎಲ್ಲಿಂದ? 2020ರ ಕೊರೋನಾ ಕಾಲದಿಂದ. ಶಾಲೆಗಳು ಮುಚ್ಚಿದಾಗ ಫೋನಲ್ಲದೆ ಬೇರೆ ದಾರಿ ಇರಲಿಲ್ಲ ಎನ್ನುತ್ತಾರೆ. ಪೂರ್ತಿ ನಿಜವಲ್ಲ. ತೆಲಂಗಾಣ ಸರ್ಕಾರ ಆ ವರ್ಷ ಸೆಪ್ಟೆಂಬರ್ 1ರಿಂದ ಟಿ-ಸ್ಯಾಟ್ ಮತ್ತು ದೂರದರ್ಶನದ ಯಾದಗಿರಿ ವಾಹಿನಿಯಲ್ಲಿ ಪಾಠ ಬಿತ್ತರಿಸಿತು. ಟಿವಿಯ ಪಾಠವನ್ನು ಮನೆಯವರೆಲ್ಲ ಕುಳಿತು ನೋಡಬಹುದಿತ್ತು. ಮುಗಿದ ಮೇಲೆ ಆರಿಸಿದರೆ ಆಯಿತು. ಕರ್ನಾಟಕದಲ್ಲಿ ಆಗಸ್ಟ್ ತಿಂಗಳಲ್ಲಿ ವಿದ್ಯಾಗಮ ಎಂಬ ಕಾರ್ಯಕ್ರಮ ಬಂತು. ಸರ್ಕಾರಿ ಶಾಲೆಯ ಮೇಷ್ಟರುಗಳೇ ಹಳ್ಳಿಗಳಿಗೆ ಹೋಗಿ ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ನಾಲ್ಕಾರು ಮಕ್ಕಳನ್ನು ಕೂರಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಗಿ ಬಂದದ್ದು ಬೇರೆ ಮಾತು. ದಾರಿ ಹುಡುಕಿದವರಿಗೆ ದಾರಿ ಇತ್ತು ಎಂಬುದಷ್ಟೇ ನನ್ನ ವಾದ.

ಅದೇ ಕರ್ನಾಟಕದಲ್ಲಿ ಆ ವರ್ಷ ನಡೆದ ಇನ್ನೊಂದು ಪ್ರಸಂಗವನ್ನು ನಾವೆಲ್ಲ ನೆನಪಿಡಬೇಕು. 2020ರ ಜೂನ್ ತಿಂಗಳಲ್ಲಿ ಸರ್ಕಾರ ಎಲ್‌ಕೆಜಿಯಿಂದ ಐದನೆಯ ತರಗತಿವರೆಗೆ ಆನ್‌ಲೈನ್ ಪಾಠವನ್ನೇ ನಿಷೇಧಿಸಿತು. ಕೆಲವರು ಹೈಕೋರ್ಟಿಗೆ ಹೋದರು. ಜುಲೈ 8ರಂದು ಕೋರ್ಟು ಆ ನಿಷೇಧಕ್ಕೆ ತಡೆ ಕೊಟ್ಟಿತು. ಶಾಲೆಗಳವರು ಗೆದ್ದೆವೆಂದು ಬೀಗಿದರು. ಆದರೆ ಕೋರ್ಟು ಅಲ್ಲಿಗೇ ನಿಲ್ಲಿಸಿರಲಿಲ್ಲ. ಈ ಆದೇಶದ ಅರ್ಥ ಶಾಲೆಗಳು ಆನ್‌ಲೈನ್ ಪಾಠವನ್ನು ಕಡ್ಡಾಯ ಮಾಡಬಹುದೆಂದಲ್ಲ, ಅದಕ್ಕಾಗಿ ಹೆಚ್ಚಿನ ಶುಲ್ಕ ಕೇಳಬಹುದೆಂದೂ ಅಲ್ಲ ಎಂದು ಸ್ಪಷ್ಟಪಡಿಸಿತ್ತು. ಅಂದರೆ ಸರ್ಕಾರ ಸಾರಾಸಗಟಾಗಿ ನಿಷೇಧಿಸುವುದೂ ಸರಿಯಲ್ಲ, ಶಾಲೆ ಸಾರಾಸಗಟಾಗಿ ಹೇರುವುದೂ ಸರಿಯಲ್ಲ. ಮಹಾಮಾರಿಯ ನಡುವೆಯೇ ಕಡ್ಡಾಯವಲ್ಲ ಎಂದಿದ್ದ ವಸ್ತು, ಮಹಾಮಾರಿ ಹೋದ ಮೇಲೆ ಹೇಗೆ ಕಡ್ಡಾಯವಾಯಿತು?

ಇನ್ನೂ ಒಂದು ಲೆಕ್ಕ ನೋಡಿ. ಅದೇ 2020ರ ಜುಲೈನಲ್ಲಿ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆ 'ಪ್ರಜ್ಞತಾ' ಎಂಬ ಮಾರ್ಗಸೂಚಿ ಹೊರಡಿಸಿತು. ಒಂದರಿಂದ ಎಂಟನೆಯ ತರಗತಿಯವರೆಗೆ ದಿನಕ್ಕೆ ಎರಡೇ ಆನ್‌ಲೈನ್ ಪಾಠ, ಒಂದೊಂದೂ 30ರಿಂದ 45 ನಿಮಿಷ. ಶಾಲೆಯೇ ಮುಚ್ಚಿ, ಇಡೀ ದಿನದ ಓದು ಪರದೆಯ ಮೇಲೆ ನಡೆಯಬೇಕಾಗಿದ್ದಾಗ ಹಾಕಿದ ಮಿತಿ ಇದು. ಹೆಚ್ಚೆಂದರೆ ಒಂದೂವರೆ ಗಂಟೆ. ಇಂದು ಮಗು ಬೆಳಿಗ್ಗೆಯಿಂದ ಸಂಜೆಯವರೆಗೆ ತರಗತಿಯಲ್ಲಿ ಕುಳಿತು, ಕೆಲವೆಡೆ ಅಲ್ಲಿಯೂ ಗೋಡೆಯ ಪರದೆ ನೋಡಿ ಬಂದ ಮೇಲೆ, ಅದರ ಮೇಲೊಂದು ಗಂಟೆ ಫೋನು. ಆಪತ್ಕಾಲದ ಮಿತಿ ಸುಭಿಕ್ಷದ ಕಾಲಕ್ಕೆ ಬೇಡವಾಯಿತೇ?

ಇದಕ್ಕೆ ಆಡಳಿತ ಮಂಡಳಿಗಳವರು ಮೂರು ಉತ್ತರ ಕೊಡುತ್ತಾರೆ. ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು: ಕಾಲ ಬದಲಾಗಿದೆ, ಮಕ್ಕಳು ಆಧುನಿಕ ವಿದ್ಯೆ ಕಲಿಯಬೇಡವೇ? ಕಲಿಯಲಿ. ಕಂಪ್ಯೂಟರು ಕಲಿಯಲಿ, ಅದಕ್ಕೆ ಕೆಲಸ ಹೇಳುವುದನ್ನು ಕಲಿಯಲಿ. ಕಲಿಸುವ ಜಾಗ ಶಾಲೆ, ಕಲಿಸುವವರು ಮೇಷ್ಟರು. ಪ್ರಯೋಗಶಾಲೆಯ ಆಮ್ಲವನ್ನು ಬಾಟಲಿಯಲ್ಲಿ ತುಂಬಿ, ಮನೆಯಲ್ಲಿ ಪ್ರಯೋಗ ಮಾಡಿಕೊಂಡು ಬಾ ಎಂದು ಯಾರೂ ಕಳಿಸುವುದಿಲ್ಲವಷ್ಟೆ. ನೋಟ್‌ಬುಕ್ಕಿನ ಪುಟದ ಫೋಟೋ ತೆಗೆದು ಏರಿಸುವುದರಲ್ಲಿ ಯಾವ ಆಧುನಿಕ ವಿದ್ಯೆ ಇದೆ? ಪುಸ್ತಕ ತಿದ್ದುವ ಮೇಷ್ಟರ ಕೈಗೆ ಪುಸ್ತಕವನ್ನೇ ಕೊಡಬಹುದಲ್ಲ! ಫೋನು ಬಳಸಲು ಬರುವುದೇ ವಿದ್ಯೆಯಾಗಿದ್ದರೆ ನಮ್ಮ ಹಳ್ಳಿಯ ಮಕ್ಕಳು ಈಗಾಗಲೇ ಪಂಡಿತರಾಗಿರಬೇಕಿತ್ತು. ದೇಶದ ಗ್ರಾಮೀಣ ಮಕ್ಕಳ ಓದಿನ ಬಗ್ಗೆ 2024ರಲ್ಲಿ ನಡೆದ 'ಅಸರ್' ಸಮೀಕ್ಷೆಯ ಪ್ರಕಾರ 14ರಿಂದ 16 ವರ್ಷದವರಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗಾಗಿ ಬಳಸಿದವರು ನೂರಕ್ಕೆ 57; ಸೋಷಿಯಲ್ ಮೀಡಿಯಾಕ್ಕಾಗಿ ಬಳಸಿದವರು 76. ಓದಿಗೆಂದು ತೆರೆದ ಬಾಗಿಲಿನಲ್ಲಿ ಮೊದಲು ನುಗ್ಗುವುದು ಯಾರೆಂದು ಇದಕ್ಕಿಂತ ಬಿಡಿಸಿ ಹೇಳಬೇಕೇ?

ಎರಡನೆಯದು: ಎಲ್ಲ ಕಡೆಯೂ ಹೀಗೇ ಇದೆ. ಇಲ್ಲ ಸ್ವಾಮಿ. ಫ್ರಾನ್ಸ್ ದೇಶ 2018ರಲ್ಲಿಯೇ ಹದಿನೈದು ವರ್ಷದವರೆಗಿನ ಮಕ್ಕಳಿಗೆ ಶಾಲೆಯಲ್ಲಿ ಫೋನು ಬಳಸದಂತೆ ಕಾನೂನು ಮಾಡಿತು. ಶಾಲೆಯಲ್ಲಿ ಪರದೆಯನ್ನು ಎಲ್ಲರಿಗಿಂತ ಮುಂಚೆ ಅಪ್ಪಿಕೊಂಡ ದೇಶಗಳಲ್ಲೊಂದಾದ ಸ್ವೀಡನ್ 2023ರಲ್ಲಿ ಮತ್ತೆ ಅಚ್ಚಿನ ಪಠ್ಯಪುಸ್ತಕ ಕೊಳ್ಳಲು ಶಾಲೆಗಳಿಗೆ ಹಣ ಕೊಟ್ಟಿತು. ಯುನೆಸ್ಕೋ ಸಂಸ್ಥೆ ಅದೇ 2023ರಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆ ಒಂದು ದೊಡ್ಡ ವರದಿಯನ್ನೇ ಹೊರತಂದಿತು. ಈ ಸಾಧನ ಯಾರ ಷರತ್ತಿನ ಮೇಲೆ ಎಂಬುದೇ ಆ ವರದಿಯ ತಲೆಬರಹದ ಪ್ರಶ್ನೆ. ದೂರದ ಮಾತೇಕೆ, ನಮ್ಮ ಪಕ್ಕದ ಆಂಧ್ರಪ್ರದೇಶವನ್ನು ನೋಡಿ. 2022ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ಕಾರ ಎಂಟನೆಯ ತರಗತಿಯ ಲಕ್ಷಾಂತರ ಮಕ್ಕಳಿಗೆ ಬೈಜೂಸ್ ಕಂಪೆನಿಯ ಪಾಠ ತುಂಬಿದ ಟ್ಯಾಬು ಹಂಚಿತು. 2023ರ ಆಗಸ್ಟಿನಲ್ಲಿ ಅದೇ ಸರ್ಕಾರ ಮಕ್ಕಳು ಶಾಲೆಗೆ ಮೊಬೈಲು ತರಬಾರದೆಂದು ಆಜ್ಞೆ ಮಾಡಿತು. 2024ರ ಜುಲೈನಲ್ಲಿ ಆ ಕಂಪೆನಿಯೇ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಇಂದು ಕಡ್ಡಾಯವೆಂದು ನಮ್ಮ ಮನೆಗೆ ಬಂದ ಆಪ್ ನಾಳೆ ಇರುತ್ತದೆಯೇ ಎಂದು ಆಡಳಿತ ಮಂಡಳಿಗೇ ತಿಳಿಯದು. ಹತ್ತು ವರ್ಷ ಹಳೆಯ ನೋಟ್‌ಬುಕ್ಕು ಮಾತ್ರ ನಮ್ಮ ಅಟ್ಟದ ಮೇಲೆ ಈಗಲೂ ಇದೆ.

ಮೂರನೆಯದು, ಎಲ್ಲಕ್ಕಿಂತ ಚಾಣಾಕ್ಷವಾದದ್ದು: ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವುದು ತಾಯ್ತಂದೆಯರ ಜವಾಬ್ದಾರಿ. ಒಪ್ಪಿದೆ. ಜವಾಬ್ದಾರಿ ನಮ್ಮದಾದರೆ ಅಧಿಕಾರವೂ ನಮ್ಮದಾಗಲಿ. ಈ ಮಗುವಿಗೆ ಸಂಜೆ ಫೋನು ಕೊಡುವುದಿಲ್ಲ ಎಂದು ನಾನು ಬರೆದುಕೊಟ್ಟರೆ ಅವಳ ಹೋಂವರ್ಕನ್ನು ಡೈರಿಯಲ್ಲಿ ಬರೆಸುತ್ತೀರಾ? ನಾನು ಕೇಳಿದಾಗ ಬಂದ ಉತ್ತರ, "ಒಬ್ಬರಿಗಾಗಿ ವ್ಯವಸ್ಥೆ ಬದಲಾಯಿಸಲಾಗುವುದಿಲ್ಲ." ಹಾಗಾದರೆ ಜವಾಬ್ದಾರಿ ಎಂಬ ಮಾತಿಗೆ ಅರ್ಥವೇನು? ಬೈಗುಳ ತಿನ್ನುವ ಹಕ್ಕು ಮಾತ್ರವೇ?

ನಮ್ಮವರಲ್ಲಿಯೂ ಕೆಲವರು ಇನ್ನೊಂದು ತುದಿಗೆ ಹೋಗಿ, ಫೋನನ್ನೇ ಪೂರ್ತಿ ಬಹಿಷ್ಕರಿಸಿ ಎನ್ನುತ್ತಾರೆ. ಅದೂ ನಡೆಯುವ ಮಾತಲ್ಲ. 2025ರ ಫೆಬ್ರವರಿ 28ರಂದು ದೆಹಲಿ ಹೈಕೋರ್ಟು ಈ ವಿಷಯದಲ್ಲಿ ಕೊಟ್ಟ ಆದೇಶ ಓದಲು ಯೋಗ್ಯವಾದದ್ದು. ಶಾಲೆಗೆ ಫೋನು ತರುವುದನ್ನು ಸಾರಾಸಗಟಾಗಿ ನಿಷೇಧಿಸುವುದು ಒಳ್ಳೆಯದೂ ಅಲ್ಲ, ನಡೆಯುವಂಥದೂ ಅಲ್ಲ. ಸಾಧ್ಯವಿದ್ದಲ್ಲಿ ಬಂದ ಕೂಡಲೇ ಫೋನನ್ನು ಒಪ್ಪಿಸಿ ಮನೆಗೆ ಹೋಗುವಾಗ ಪಡೆಯುವ ಏರ್ಪಾಡು ಇರಲಿ. ತರಗತಿಯಲ್ಲಿ ಬಳಕೆ ಬೇಡ. ಹೋಗಿಬರುವಾಗಿನ ಸುರಕ್ಷತೆಗೆ ಇರಲಿ ಎಂದು ಅದು ಹೇಳಿತು. ಎಲ್ಲಕ್ಕಿಂತ ಮುಖ್ಯವಾದ ಮಾತು ಕೊನೆಯಲ್ಲಿದೆ: ಇಂಥ ನೀತಿಯನ್ನು ತಾಯ್ತಂದೆಯರು, ಉಪಾಧ್ಯಾಯರು, ತಜ್ಞರು ಇವರೊಂದಿಗೆ ಸಮಾಲೋಚಿಸಿ ರೂಪಿಸಬೇಕು. ನಾನು ಸಭೆಯಲ್ಲಿ ಎದ್ದು ನಿಂತು ಕೇಳಹೊರಟದ್ದು ಇದನ್ನೇ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. 2009ರ ಶಿಕ್ಷಣ ಹಕ್ಕು ಕಾನೂನಿನ 21ನೆಯ ಕಲಮಿನ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಆಡಳಿತ ಸಮಿತಿ ಇರಬೇಕು. ಅದರಲ್ಲಿ ಮುಕ್ಕಾಲು ಪಾಲು ತಾಯ್ತಂದೆಯರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಈ ಕಲಮು ಅನ್ವಯಿಸುವುದಿಲ್ಲ. ಅಂದರೆ ಫೀಸು ಕೊಡದ ಕೂಲಿಕಾರನಿಗೆ ತನ್ನ ಮಗುವಿನ ಶಾಲೆಯಲ್ಲಿ ಕಾನೂನು ಒಂದು ಕುರ್ಚಿ ಹಾಕಿದೆ. ಅವನಿಗೆ ಅದು ಸಲ್ಲಬೇಕಾದದ್ದೇ. ಸಾಲ ಮಾಡಿ ಫೀಸು ಕಟ್ಟುವ ನಮಗೆ ನಿಲ್ಲಲೂ ಜಾಗವಿಲ್ಲ. ಕಾನೂನು ಕೊಡದ ಕುರ್ಚಿಯನ್ನು ನಾವು ಕೇಳಿಯೇ ಪಡೆಯಬೇಕು.

ಹಾಗಾದರೆ ಕೇಳಬೇಕಾದ್ದೇನು? ನಾಲ್ಕೇ ಮಾತು.

ಒಂದು, ಎಂಟನೆಯ ತರಗತಿಯವರೆಗೆ ಹೋಂವರ್ಕು ಡೈರಿಯಲ್ಲಿ ಬರಲಿ, ನೋಟ್‌ಬುಕ್ಕಿನಲ್ಲಿ ಹೋಗಲಿ. ಶಾಲೆ ಬಿಡುವ ಮುನ್ನವೇ ಅದನ್ನು ಬರೆಸಲಿ. ಎರಡು, ಸಂಜೆ ಆರರ ಮೇಲೆ ಶಾಲೆಯಿಂದ ಯಾವ ಸಂದೇಶವೂ ಬೇಡ. ಮಳೆಗೆ ರಜೆ ಕೊಡುವಂಥ ತುರ್ತಿನ ಸುದ್ದಿಯೊಂದನ್ನು ಬಿಟ್ಟು. ಇದರಿಂದ ಮೇಡಮ್ಮನವರಿಗೂ ಸಂಜೆ ಸಿಗುತ್ತದೆ. ರಾತ್ರಿ ಒಂಬತ್ತೂಕಾಲಕ್ಕೆ ಆ ಸಂದೇಶ ಕಳಿಸುವ ಹೆಣ್ಣುಮಗಳಿಗೂ ಮನೆಯಿದೆ, ಮಕ್ಕಳಿದ್ದಾರೆ. ಮೂರು, ಯಂತ್ರದ ಮೇಲೆ ಕಲಿಯಬೇಕಾದದ್ದನ್ನು ಶಾಲೆಯ ಯಂತ್ರದ ಮೇಲೆ, ಶಾಲೆಯ ಹೊತ್ತಿನಲ್ಲಿ, ಮೇಷ್ಟರ ಕಣ್ಣೆದುರು ಕಲಿಸಲಿ. ಆ ಹೊತ್ತು ವಾರಕ್ಕೆ ಎಷ್ಟು ಎಂಬುದನ್ನು ಬರೆದು ತಿಳಿಸಲಿ. ನಾಲ್ಕು, ಹೊಸ ಆಪ್ ಆಗಲಿ ಟ್ಯಾಬು ಆಗಲಿ ತರುವ ಮುನ್ನ ತಾಯ್ತಂದೆಯರ ಸಭೆ ಕರೆದು, ಖರ್ಚೆಷ್ಟು, ಹೊತ್ತೆಷ್ಟು, ಬೇಡವೆಂದವರಿಗೆ ಬದಲಿ ಏನು ಎಂಬ ಮೂರು ಪ್ರಶ್ನೆಗೆ ಉತ್ತರ ಕೊಡಲಿ. ಇದರಲ್ಲಿ ಯಾವುದು ಅತಿಯಾದ ಬೇಡಿಕೆ? ಯಾವುದಕ್ಕೆ ಒಂದು ಪೈಸೆಯ ಹೆಚ್ಚಿನ ಖರ್ಚಿದೆ?

ಶಾಲೆಯನ್ನು ಇಷ್ಟು ಬೈದ ಮೇಲೆ ನಮ್ಮನ್ನೂ ನಾವು ಸ್ವಲ್ಪ ನೋಡಿಕೊಳ್ಳಬೇಕು. ಕೂಸಿಗೆ ಊಟ ಮಾಡಿಸಲು ಫೋನು ಹಿಡಿಸಿದವರು ನಾವೇ. ಸಂಘದ ರಾಜ್ಯೋತ್ಸವದಲ್ಲಿ ವೇದಿಕೆಯ ಮೇಲೆ ಮಕ್ಕಳು ಹಾಡುತ್ತಿರುವಾಗ ಕೆಳಗೆ ಕುಳಿತು ಫೋನಿನಲ್ಲಿ ಮುಖ ಹುದುಗಿಸಿದವರೂ ನಾವೇ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಒಂದು ಪದ್ಧತಿ ಮಾಡಿಕೊಂಡರು. ಸಂಜೆ ಏಳಕ್ಕೆ ಊರಿನಲ್ಲಿ ಭೋಂಗಾ ಕೂಗುತ್ತದೆ. ಆಗಿನಿಂದ ಎಂಟೂವರೆಯವರೆಗೆ ಟಿವಿ ಬಂದ್, ಮೊಬೈಲು ಬಂದ್. ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ. ಕೂಕಟ್‌ಪಲ್ಲಿಯಲ್ಲಿ ಭೋಂಗಾ ಕೂಗಿಸಲು ನಮ್ಮಿಂದಾಗದು. ಮೆಟ್ರೋ ಕೆಳಗಿನ ಹಾರ್ನುಗಳ ನಡುವೆ ಅದು ಕೇಳಿಸುವುದೂ ಇಲ್ಲ. ಆದರೆ ನಮ್ಮ ಸಂಘದ ಮನೆಗಳಲ್ಲಿ ಏಳರಿಂದ ಎಂಟರವರೆಗಿನ ಒಂದು ಗಂಟೆಯನ್ನು ಕನ್ನಡಕ್ಕೆಂದು ಕಾದಿರಿಸಲು ಯಾರ ಅಪ್ಪಣೆ ಬೇಕು? ಶಾಲೆಯಿಂದ ಆ ಗಂಟೆಯನ್ನು ಬಿಡಿಸಿಕೊಂಡು ನಾವೇ ಅದನ್ನು ಫೋನಿಗೆ ಒಪ್ಪಿಸಿದರೆ, ಈ ಲೇಖನ ಬರೆದ ಶಾಯಿಯೂ ದಂಡ.

ಕೊನೆಗೆ ಆ ಕಲಬುರಗಿಯ ಹುಡುಗನ ಮಾತಿಗೆ ಬರುತ್ತೇನೆ. ಹೊರಗಿನೋರು ನಾವು ಎಂದನಲ್ಲ. ತಮ್ಮಾ, ಈ ಹೈದರಾಬಾದು ನಮ್ಮ ಮೂರೂ ಜಿಲ್ಲೆಗಳಿಗೆ 1956ರವರೆಗೆ ರಾಜಧಾನಿಯಾಗಿತ್ತು. ನಿಜಾಮರ ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಮಕ್ಕಳ ಓದು ಹೇಗೆ ನಡೆಯಬೇಕೆಂಬ ತೀರ್ಮಾನ ಆಗಲೂ ಮೇಲೆಲ್ಲೋ ಆಗುತ್ತಿತ್ತು. ನಮ್ಮ ಹಿರಿಯರು ಆಗ ನಮಗ್ಯಾಕೆ ಉಸಾಬರಿ ಎಂದು ಕೂತಿದ್ದರೆ ಗುಲಬರ್ಗೆಯಲ್ಲಿ ನೂತನ ವಿದ್ಯಾಲಯ ಹುಟ್ಟುತ್ತಿರಲಿಲ್ಲ, ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ ಹುಟ್ಟುತ್ತಿರಲಿಲ್ಲ, ಇದೇ ಹೈದರಾಬಾದಿನ ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಕನ್ನಡ ಶಾಲೆಯೂ ಹುಟ್ಟುತ್ತಿರಲಿಲ್ಲ. ಅವರು ಶಾಲೆಗಳನ್ನೇ ಕಟ್ಟಿದರು. ನಾನು ನಿಮಗೆ ಶಾಲೆ ಕಟ್ಟಿ ಎನ್ನುತ್ತಿಲ್ಲ. ಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕೂರಬೇಡಿ ಎನ್ನುತ್ತಿದ್ದೇನೆ.

ಮುಂದಿನ ತಾಯ್ತಂದೆಯರ ಸಭೆಗೆ ಮತ್ತೆ ನಾನೇ ಹೋಗುವವನಿದ್ದೇನೆ. ಈ ಸಲ ಸೊಸೆಯೂ ಬರುತ್ತಾಳೆ. ಅದೇ ಶಾಲೆಗೆ ಮಕ್ಕಳನ್ನು ಕಳಿಸುವ ನಮ್ಮ ಸಂಘದ ಆರು ಮನೆಗಳಿವೆ. ಅಕ್ಕಪಕ್ಕದ ತೆಲುಗು, ಮರಾಠಿ ಮನೆಗಳವರಿಗೂ ನೋವು ಇದೇ. ಎಲ್ಲರೂ ಒಂದೇ ಸಾಲಿನಲ್ಲಿ ಕೂತರೆ ನನ್ನ ಅಂಗಿ ಜಗ್ಗುವವರು ಯಾರೂ ಇರಲಾರರು. ಆ ಹುಡುಗನೂ ಬರಲಿ. ಮೇಲಿನ ನಾಲ್ಕು ಮಾತುಗಳನ್ನು ಕಾಗದದ ಮೇಲೆ ಬರೆದು, ಎಲ್ಲರ ಸಹಿ ಹಾಕಿಸಿ, ಪ್ರಿನ್ಸಿಪಾಲರ ಕೈಗೆ ಕೊಡುವುದೆಂದು ನಿಶ್ಚಯಿಸಿದ್ದೇವೆ. ಫೋನಿನಲ್ಲಿ ಕಳಿಸುವುದಿಲ್ಲ.

ಪಾಟಿಯನ್ನು ಕಪಾಟಿನಿಂದ ಇಳಿಸಿ ಒರೆಸಿಟ್ಟಾಗಿದೆ.